ಗೃಹಸ್ಥರ ಮನೆಯ ಡೀಸೆಲ್ ಕಾರು

ನಮ್ಮಲ್ಲಿ ಮೋಟಾರು ಕಾರಿನ ಚರಿತ್ರೆಯನ್ನು ಬರೆಯಹೊರಟವರು ಬಹುಮಟ್ಟಿಗೆ ಅರಸುಮನೆತನಗಳ ವಿದೇಶೀ ವಾಹನಗಳನ್ನೂ, ಸ್ವಾತಂತ್ರ್ಯ ಬಂದ ಮೇಲಿನ ಮಂತ್ರಿಮಹೋದಯರ ಬಿಳಿಯ ಅಂಬಾಸಿಡರುಗಳನ್ನೂ ವಿಸ್ತಾರವಾಗಿ ವರ್ಣಿಸಿ, ಸಂಸಾರವಂದಿಗನಾದ ಗೃಹಸ್ಥನೊಬ್ಬನು ಲೆಕ್ಕದ ಪುಸ್ತಕವನ್ನು ಮುಂದಿಟ್ಟುಕೊಂಡು, ಮನೆಯಾಕೆಯ ಸಂದೇಹವನ್ನೂ ನೆರೆಯವರ ಪರಿಹಾಸ್ಯವನ್ನೂ ಸೈರಿಸಿ, ಯಾರೋ ಬಳಸಿ ಬಿಟ್ಟ ಡೀಸೆಲ್ ಕಾರನ್ನು ಕೊಂಡು ಅದನ್ನು ಹದಿನೈದಿಪ್ಪತ್ತು ವರ್ಷ ಬಾಳಿಸಿದ ಕಥೆಯನ್ನು ಹಾಗೆಯೇ ಬಿಟ್ಟುಬಿಟ್ಟಿದ್ದಾರೆ. ಬಿಟ್ಟದ್ದು ಸಹಜವೇ, ಆ ಕಾರಿಗೆ ಅಂದವೂ ಇರಲಿಲ್ಲ, ವೇಗವೂ ಇರಲಿಲ್ಲ, ಬೆಳಗಿನ ಜಾವದಲ್ಲಿ ಅದು ಹೊರಡಿಸುತ್ತಿದ್ದ ಟಕಟಕ ಶಬ್ದಕ್ಕೆ ಬೀದಿಗೆ ಬೀದಿಯೇ ಎಚ್ಚರಗೊಳ್ಳುತ್ತಿದ್ದಿತು. ಆದರೂ 1980ರಿಂದ ಈಚೆಗೆ ಸುಮಾರು ಮೂವತ್ತೈದು ವರ್ಷಗಳ ಕಾಲ ಮಲೆನಾಡು, ಕರಾವಳಿ, ಬಯಲುಸೀಮೆಗಳ ಎಷ್ಟೋ ಮನೆಗಳಲ್ಲಿ ಮದುವೆಯ ದಿಬ್ಬಣಕ್ಕೂ ಧರ್ಮಸ್ಥಳದ ಯಾತ್ರೆಗೂ ಆಸ್ಪತ್ರೆಯ ಅವಸರಕ್ಕೂ ಒದಗಿಬಂದದ್ದು ಈ ವಾಹನವೇ. ಇದು ನಮ್ಮ ಅಂಗಳಕ್ಕೆ ಬಂದುದು ಯಂತ್ರದ ಗುಣಾತಿಶಯಕ್ಕಿಂತ ಹೆಚ್ಚಾಗಿ ದಿಲ್ಲಿಯ ಸರ್ಕಾರ ತೈಲಕ್ಕೆ ಕಟ್ಟಿದ ಬೆಲೆಯ ದೆಸೆಯಿಂದ; ಬಂದದ್ದು ಇಷ್ಟು ಕಾಲ ಉಳಿದುದು ಎಂಜಿನ್ನಿಗೆ ಎಣ್ಣೆ ಒತ್ತುವ ಪಂಪನ್ನು ದುರಸ್ತಿ ಮಾಡುವ ಪಂಪ್ ರೂಮಿನವರೆಂಬ, ಯಾವ ಗ್ರಂಥದಲ್ಲಿಯೂ ಹೆಸರಿಲ್ಲದ ಒಂದು ಕುಶಲವರ್ಗದ ದೆಸೆಯಿಂದ. ಈ ಎರಡನ್ನೂ ಬರೆದಿಡುವುದು ಪ್ರಕೃತ ಲೇಖನದ ಉದ್ದೇಶ.

ಯಂತ್ರದ ಹುಟ್ಟು ಜರ್ಮನಿಯದು. 1858ರಲ್ಲಿ ಪ್ಯಾರಿಸಿನಲ್ಲಿ ಜನಿಸಿದ ಜರ್ಮನ್ ಸಂಜಾತನಾದ ರುಡಾಲ್ಫ್ ಡೀಸೆಲನು, ತನ್ನ ಕಾಲದ ಆವಿಯಂತ್ರಗಳು ಇಂಧನದ ಶಾಖದಲ್ಲಿ ಬಹುಪಾಲನ್ನು ಕೆಲಸಕ್ಕೆ ತಾರದೆ ಪೋಲುಮಾಡುವುದನ್ನು ಕಂಡು, ಗಾಳಿಯನ್ನು ಸಿಲಿಂಡರಿನೊಳಗೆ ಬಲವಾಗಿ ಒತ್ತಿ, ಆ ಒತ್ತಡದಿಂದಲೇ ಹುಟ್ಟುವ ತಾಪದ ಮೇಲೆ ಎಣ್ಣೆಯನ್ನು ಸಿಂಪಡಿಸಿದರೆ ಕಿಡಿಯ ಹಂಗಿಲ್ಲದೆ ಅದು ತಾನಾಗಿ ಹೊತ್ತಿಕೊಳ್ಳಬೇಕೆಂಬ ತತ್ತ್ವವನ್ನು ಹಿಡಿದು, ಆಗ್ಸ್‌ಬರ್ಗ್ ನಗರದ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಪ್ರಯೋಗ ನಡೆಸಿ, 1897ರಲ್ಲಿ ಶಾಖದ ನೂರಕ್ಕೆ 26 ಭಾಗವನ್ನು ಕೆಲಸವಾಗಿ ಪರಿವರ್ತಿಸುವ ಎಂಜಿನ್ನನ್ನು ಪರೀಕ್ಷೆಗೆ ಒಡ್ಡಿದನು. ಅಂದಿನ ಮಟ್ಟಿಗೆ ಅದು ಅದ್ಭುತವಾದ ಮಿತವ್ಯಯ. 1913ರ ಸೆಪ್ಟೆಂಬರ್ 29ರ ರಾತ್ರಿ ಇಂಗ್ಲೆಂಡಿಗೆ ಹೊರಟಿದ್ದ ಹಡಗಿನಿಂದ ಆತ ಕಣ್ಮರೆಯಾಗುವ ವೇಳೆಗೆ ಆತನ ಯಂತ್ರ ಕಾರ್ಖಾನೆಗಳನ್ನೂ ಹಡಗುಗಳನ್ನೂ ಸೇರಿದ್ದಿತಾದರೂ ಕಾರಿನ ಹತ್ತಿರಕ್ಕೂ ಸುಳಿದಿರಲಿಲ್ಲ. ಎಣ್ಣೆಯನ್ನು ಒಳಕ್ಕೆ ಊದುವುದಕ್ಕಾಗಿ ಎಂಜಿನ್ನಿನ ಮಗ್ಗುಲಲ್ಲಿ ಗಾಳಿ ಒತ್ತುವ ಇನ್ನೊಂದು ಭಾರೀ ಯಂತ್ರವೇ ಬೇಕಾಗಿದ್ದುದರಿಂದ ಅಂಥದನ್ನು ಹೊತ್ತು ರಸ್ತೆಯ ಮೇಲೆ ಓಡುವ ಮಾತಿರಲಿಲ್ಲ. ಆ ಭಾರವನ್ನು ಇಳಿಸಿದ್ದು ಸ್ಟುಟ್‌ಗಾರ್ಟಿನ ಬಾಷ್ ಕಂಪನಿ 1927ರಲ್ಲಿ ತಯಾರಿಸತೊಡಗಿದ, ಅಂಗೈ ಮೇಲೆ ಹಿಡಿಯಬಹುದಾದ ಉಕ್ಕಿನ ಕಡ್ಡಿಗಳ ಸೂಕ್ಷ್ಮ ಚಲನೆಯಿಂದ ಎಣ್ಣೆಯನ್ನು ಅಳೆದು ಒತ್ತುವ ಇಂಜೆಕ್ಷನ್ ಪಂಪು. ಅದಾದ ಒಂಬತ್ತು ವರ್ಷಕ್ಕೆ, 1936ರ ಬರ್ಲಿನ್ ಪ್ರದರ್ಶನದಲ್ಲಿ ಮರ್ಸಿಡಿಸ್ ಬೆಂಜ್ 260 ಡಿ ಎಂಬ ಡೀಸೆಲ್ ಕಾರು ಜನರ ಮುಂದೆ ನಿಂತಿತು. ಅದನ್ನು ಮೊದಲು ಮೆಚ್ಚಿಕೊಂಡವರು ಬಾಡಿಗೆ ಕಾರಿನವರು. ಶಬ್ದ ನಡುಕಗಳಿಗಿಂತ ಎಣ್ಣೆಯ ಖರ್ಚನ್ನು ನೋಡುವ ಆ ಬುದ್ಧಿಯೇ ಅರ್ಧ ಶತಮಾನದ ತರುವಾಯ ನಮ್ಮ ಮಂಗಳೂರು, ಪುತ್ತೂರುಗಳ ಟ್ಯಾಕ್ಸಿ ನಿಲ್ದಾಣಗಳಲ್ಲಿಯೂ ಕಾಣಿಸಿಕೊಂಡಿತು.

ಕನ್ನಡ ನಾಡಿಗೆ ಡೀಸೆಲ್ಲಿನ ಸದ್ದು ರಸ್ತೆಯಿಂದ ಬಂದುದಕ್ಕಿಂತ ಮುಂಚಿತವಾಗಿಯೇ ಬಾವಿಯ ಕಡೆಯಿಂದ ಬಂದಿತೆನ್ನಬಹುದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಬೈಸಿಕಲ್ಲಿನ ಅಂಗಡಿಯಿಟ್ಟು ಉದ್ಯಮವನ್ನಾರಂಭಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನದವರು 1946ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ ಎಣ್ಣೆ ಎಂಜಿನ್ನಿನ ಕಾರ್ಖಾನೆಯಿಂದ ಬಂದ ಪಂಪುಸೆಟ್ಟುಗಳು, ಕಪಿಲೆಯನ್ನೂ ಏತವನ್ನೂ ಮೂಲೆಗೆ ಸೇರಿಸಿ, ಕಬ್ಬಿನ ಗದ್ದೆಗಳ ಅಂಚಿನಲ್ಲಿ ಹಗಲೂ ರಾತ್ರಿ ಬಡಿದುಕೊಳ್ಳುತ್ತಿದ್ದವು. ಲಾರಿಗಳೂ ಬಸ್ಸುಗಳೂ ಕ್ರಮೇಣ ಪೆಟ್ರೋಲನ್ನು ಬಿಟ್ಟು ಈ ಎಣ್ಣೆಯನ್ನು ಹಿಡಿದವು. ಅಷ್ಟರಲ್ಲಿ, 1951ರಲ್ಲಿ, ಬಾಷ್ ಕಂಪನಿಯ ಸಹಯೋಗದಿಂದ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಹುಟ್ಟಿ, ಬೆಂಗಳೂರಿನ ಆಡುಗೋಡಿಯಲ್ಲಿ ತನ್ನ ಕಾರ್ಖಾನೆಯನ್ನು ಕಟ್ಟಿ ಸ್ಪಾರ್ಕ್ ಪ್ಲಗ್ಗುಗಳನ್ನೂ ಇಂಜೆಕ್ಷನ್ ಪಂಪುಗಳನ್ನೂ ತಯಾರಿಸತೊಡಗಿತು. ಜನ ಅದನ್ನು ಕರೆದದ್ದು ಮೈಕೋ ಎಂದು. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿ ಅದರಲ್ಲಿ ಒಂದೆರಡು ಪಾಲಿನಷ್ಟು ಸಂದನ್ನು ಮಾತ್ರ ಬಿಟ್ಟು ಕಡ್ಡಿಗೆ ಕೊಳವೆಯನ್ನು ಜೋಡಿಸುವ ಕೆಲಸವನ್ನು ನಮ್ಮ ಕೋಲಾರ, ತುಮಕೂರುಗಳ ಹುಡುಗರು ಅಲ್ಲಿ ಕಲಿತರು. ಕಲಿತವರಲ್ಲಿ ಕೆಲವರು, ಕಾರ್ಖಾನೆಯ ಅಧಿಕೃತ ಏಜೆಂಟರ ಅಂಗಡಿಗಳಲ್ಲಿ ತರಬೇತಿ ಪಡೆದ ಇನ್ನು ಕೆಲವರು, ತಮ್ಮ ತಮ್ಮ ಊರುಗಳಲ್ಲಿ ಪಂಪು ರಿಪೇರಿಯ ಕೊಠಡಿಗಳನ್ನು ತೆರೆದರು. ಹೀಗೆ ಡೀಸೆಲ್ ಕಾರು ಬರುವುದಕ್ಕೆ ಎಷ್ಟೋ ಮೊದಲೇ ಅದಕ್ಕೆ ಚಿಕಿತ್ಸೆ ಮಾಡುವವರು ಲಾರಿಗಳ ನಿಮಿತ್ತದಿಂದ ಇಲ್ಲಿ ಸಿದ್ಧರಾಗಿದ್ದರು. ಈ ಪೂರ್ವಸಿದ್ಧತೆಯಿಲ್ಲದಿದ್ದರೆ ಮುಂದಿನ ಕಥೆಯೇ ನಡೆಯುತ್ತಿರಲಿಲ್ಲವೆಂದು ನನ್ನ ಅಭಿಪ್ರಾಯ.

ಕಾರನ್ನು ಕರೆತಂದದ್ದು 1973ರ ತೈಲಸಂಕಟ. ಆ ವರ್ಷದ ಅಕ್ಟೋಬರಿನಲ್ಲಿ ಪಶ್ಚಿಮ ಏಷ್ಯದ ಯುದ್ಧದ ಹಿನ್ನೆಲೆಯಲ್ಲಿ ತೈಲ ಮಾರುವ ರಾಷ್ಟ್ರಗಳು ಬೆಲೆಯನ್ನು ಏರಿಸಿದಾಗ, ಪೀಪಾಯಿಗೆ ಮೂರು ಡಾಲರಿನ ಆಸುಪಾಸಿನಲ್ಲಿದ್ದ ಕಚ್ಚಾತೈಲ ಕೆಲವೇ ತಿಂಗಳುಗಳಲ್ಲಿ ಹನ್ನೆರಡು ಡಾಲರಿನ ಹತ್ತಿರಕ್ಕೆ ಜಿಗಿಯಿತು. ಆಗ ನಮ್ಮ ಸರ್ಕಾರ ಕೈಗೊಂಡ ನಿರ್ಣಯ ತರ್ಕಬದ್ಧವಾಗಿಯೇ ಇದ್ದಿತು: ಪೆಟ್ರೋಲು ಸ್ಕೂಟರು ಕಾರುಗಳಲ್ಲಿ ತಿರುಗುವವರ ಇಂಧನ, ಅದರ ಮೇಲೆ ಸುಂಕ ಹೇರಬಹುದು, ಡೀಸೆಲ್ಲು ರೈತನ ಪಂಪಿನ, ಧಾನ್ಯ ಸಾಗಿಸುವ ಲಾರಿಯ, ಬಡವ ಪ್ರಯಾಣ ಮಾಡುವ ಬಸ್ಸಿನ ಇಂಧನ, ಅದನ್ನು ಅಗ್ಗವಾಗಿ ಇಡಬೇಕು. ಈ ನಿರ್ಣಯವನ್ನು ಮಾಡಿದವರ ಮನಸ್ಸಿನಲ್ಲಿ ಡೀಸೆಲ್ ಕಾರೆಂಬುದು ಸುಳಿದಿರಲಾರದು. ಏಕೆಂದರೆ ಆಗ ಈ ದೇಶದಲ್ಲಿ ಅಂಥ ವಸ್ತುವೊಂದು ತಯಾರಾಗುತ್ತಿರಲೇ ಇಲ್ಲ. ಆದರೆ ಎರಡು ಎಣ್ಣೆಗಳ ಬೆಲೆಯ ನಡುವೆ ಒಂದು ಕಂದರವನ್ನು ತೋಡಿದ ಮೇಲೆ, ಅದನ್ನು ದಾಟಿ ಅಗ್ಗದ ಕಡೆಗೆ ಹೋಗುವ ವಾಹನವನ್ನು ಯಾವನಾದರೊಬ್ಬನು ಕಟ್ಟದೆ ಇರುವನೇ? ಬಂಗಾಳದ ಉತ್ತರಪಾರಾದಲ್ಲಿ ಬ್ರಿಟಿಷ್ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಅಂಬಾಸಿಡರನ್ನು ಎರಕ ಹೊಯ್ಯುತ್ತಿದ್ದ ಹಿಂದೂಸ್ತಾನ್ ಮೋಟಾರ್ಸ್ ಕಂಪನಿ, ಬ್ರಿಟನ್ನಿನವರದೇ ಆದ 1489 ಸಿ.ಸಿ.ಯ ಒಂದು ಡೀಸೆಲ್ ಎಂಜಿನ್ನನ್ನು ಆ ದೇಹಕ್ಕೆ ಕೂಡಿಸಿ 1980ರಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಭಾರತದ ಮೊದಲನೆಯ ಡೀಸೆಲ್ ಕಾರು ಅದು.

ಅದರ ಶಕ್ತಿ 37 ಅಶ್ವಬಲ. ಒಂದು ಟನ್ನಿಗೂ ಮಿಕ್ಕ ತೂಕದ ಆ ಉಕ್ಕಿನ ಕರಡಿಗೆಯಲ್ಲಿ ಅಜ್ಜಿ, ಸೊಸೆ, ಮೊಮ್ಮಕ್ಕಳು, ಹಲಸಿನ ಹಣ್ಣು, ಹಾಸಿಗೆ ಸುರುಳಿಗಳನ್ನು ತುಂಬಿಕೊಂಡು ಶಿರಾಡಿಯನ್ನೋ ಚಾರ್ಮಾಡಿಯನ್ನೋ ಹತ್ತುವಾಗ ಆ ಮೂವತ್ತೇಳು ಕುದುರೆಗಳು ಪಟ್ಟ ಪಾಡನ್ನು ಬಲ್ಲವರೇ ಬಲ್ಲರು. ಎರಡನೆಯ ಗೇರಿನಲ್ಲಿ ಕರಕರನೆ ಹತ್ತುತ್ತ ಹಿಂದಿನ ಲಾರಿಯವನಿಂದ ಹಾರನ್ನು ಹೊಡೆಸಿಕೊಂಡ ಕಾರು ಅದೊಂದೇ ಇರಬೇಕು. ಹತ್ತುವುದನ್ನು ಮಾತ್ರ ನಿಲ್ಲಿಸುತ್ತಿರಲಿಲ್ಲ. ಹೊರಡಿಸುವುದಕ್ಕೂ ನಿಲ್ಲಿಸುವುದಕ್ಕೂ ಅದಕ್ಕೊಂದು ವಿಧಿಯಿದ್ದಿತು. ಮುಂಜಾನೆ ಕೀಲಿಯನ್ನು ತಿರುಗಿಸಿದೊಡನೆ ಅದು ಏಳದು; ಮೊದಲು ಹೀಟರ್ ಹಾಕಿ, ಸಿಲಿಂಡರಿನೊಳಗಿನ ಸಣ್ಣ ತಂತಿಗಳು ಕೆಂಪಗೆ ಕಾಯುವ ತನಕ ಸುಮ್ಮನೆ ಕುಳಿತಿರಬೇಕು, ಮಕ್ಕಳು ಹಿಂದಿನ ಸೀಟಿನಿಂದ ಒಂದು ಎರಡು ಎಂದು ಎಣಿಸಬೇಕು, ಮೂವತ್ತಾಗುತ್ತಲೇ ಸೆಲ್ಫ್ ಹೊಡೆಯಬೇಕು. ಕೊಟ್ಟಿಗೆಯಿಂದ ಬಿಳಿಯ ಹೊಗೆಯ ಒಂದು ಮೋಡ ಹೊರಬಂದು ತುಳಸಿಕಟ್ಟೆಯವರೆಗೆ ಹಬ್ಬಿದರೆ ಎಂಜಿನ್ ಎದ್ದಿತೆಂದು ಅರ್ಥ. ಇನ್ನು ನಿಲ್ಲಿಸುವಾಗ ಕೀಲಿಯನ್ನು ತೆಗೆದುಕೊಂಡು ಹೋದರೂ ಅದು ತನ್ನ ಪಾಡಿಗೆ ಬಡಿದುಕೊಳ್ಳುತ್ತಲೇ ಇರುವುದು. ಕಿಡಿಯಿಂದ ಓಡದ ಯಂತ್ರಕ್ಕೆ ಕಿಡಿಯನ್ನು ತಪ್ಪಿಸಿ ಪ್ರಯೋಜನವೇನು? ಎಣ್ಣೆಯನ್ನೇ ತಡೆಯುವ ಗುಂಡಿಯೊಂದನ್ನು ಕೈಯಿಂದ ಹೊರಕ್ಕೆ ಎಳೆಯಬೇಕು. ಪೆಟ್ರೋಲ್ ಕಾರಿನ ಅಭ್ಯಾಸವಿದ್ದ ನೆಂಟರು ಇದನ್ನು ಕಂಡು ಬೆರಗಾಗುತ್ತಿದ್ದರು.

ಮೊದಲು ಇದನ್ನು ಕೊಂಡವರು ಟ್ಯಾಕ್ಸಿಯವರು, ಅಡಕೆ ತೋಟದವರು, ಕಾಫಿ ತೋಟದ ಸಣ್ಣ ಹಿಡುವಳಿದಾರರು. ದಿನಕ್ಕೆ ನೂರಾರು ಮೈಲಿ ಓಡುವವನಿಗೆ ಮೊದಲ ಬೆಲೆ ಹೆಚ್ಚಾದರೂ ಎಣ್ಣೆಯಲ್ಲಿ ಅದು ತೀರಿಹೋಗುತ್ತಿದ್ದಿತು. ಮಲೆನಾಡಿನಲ್ಲಿ ಅಷ್ಟು ಹೊತ್ತಿಗೆ ಪ್ಯೂಜೋ ಎಂಜಿನ್ನಿನ ಮಹೀಂದ್ರ ಜೀಪುಗಳೂ ಓಡಾಡತೊಡಗಿದ್ದವು. ಹೊಸ ಡೀಸೆಲ್ ಕಾರನ್ನು ಕೊಳ್ಳಲಾರದ ಮಧ್ಯಮವರ್ಗದ ಗೃಹಸ್ಥರು ಕಂಡುಕೊಂಡ ದಾರಿ ಇನ್ನೂ ಸ್ವಾರಸ್ಯಕರವಾದದ್ದು: ಇದ್ದ ಪೆಟ್ರೋಲ್ ಅಂಬಾಸಿಡರಿನ ಎಂಜಿನ್ನನ್ನು ಇಳಿಸಿ ಗುಜರಿಗೆ ಹಾಕಿ, ಅಪಘಾತಕ್ಕೀಡಾದ ಯಾವುದೋ ಮೆಟಡಾರ್ ವ್ಯಾನಿನ ಡೀಸೆಲ್ ಎಂಜಿನ್ನನ್ನು ಅದರಲ್ಲಿ ಕೂರಿಸಿ, ಆರ್.ಟಿ.ಒ. ಕಚೇರಿಯಲ್ಲಿ ಪುಸ್ತಕದ ಮೇಲೆ ಬದಲಾವಣೆಯನ್ನು ಬರೆಸಿಕೊಂಡು ಬರುವುದು. ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳೂ ಜೆ.ಸಿ. ರಸ್ತೆಯ ಬಿಡಿಭಾಗಗಳ ಮಳಿಗೆಗಳೂ ಈ ಪರಕಾಯಪ್ರವೇಶಕ್ಕೆ ಬೇಕಾದುದನ್ನೆಲ್ಲ ಒದಗಿಸುತ್ತಿದ್ದವು. ಎಂಜಿನ್ ಕೂರುವ ಕಬ್ಬಿಣದ ಪಟ್ಟಿಯನ್ನು ಕೊಯ್ದು ಬೆಸೆದು, ಸೈಲೆನ್ಸರ್ ಕೊಳವೆಯನ್ನು ಬಗ್ಗಿಸಿ, ರೇಡಿಯೇಟರನ್ನು ನಾಲ್ಕು ಬೆರಳು ಮುಂದಕ್ಕೆ ಸರಿಸಿ ಮಾಡಿದ ಈ ಕಾರುಗಳಲ್ಲಿ ಒಂದಕ್ಕೊಂದು ಹೋಲುತ್ತಿದ್ದುದು ಅಪೂರ್ವ; ಪ್ರತಿಯೊಂದರ ನಡುಕವೂ ಬೇರೆ.

ಹೊಸ ಟ್ಯಾಕ್ಸಿ ಎಂಟು ಹತ್ತು ವರ್ಷ ದುಡಿದ ಮೇಲೆ ಖಾಸಗಿ ಬೋರ್ಡಿಗೆ ತಿರುಗಿ ಮೇಷ್ಟರ ಮನೆಗೋ ಬ್ಯಾಂಕಿನ ಗುಮಾಸ್ತರ ಮನೆಗೋ ಬರುವುದು ವಾಡಿಕೆ. ಕೊಳ್ಳುವವನು ತನ್ನ ಜೊತೆಗೆ ಒಬ್ಬ ಮೆಕ್ಯಾನಿಕ್ಕನನ್ನು ಕರೆದುಕೊಂಡು, ಎಂಜಿನ್ ತಣ್ಣಗಿರುವಾಗಲೇ ಹೋಗಬೇಕೆಂದು ಎಲ್ಲರೂ ಹೇಳುತ್ತಿದ್ದರು. ಮಾರುವವನು ಅರ್ಧ ಗಂಟೆ ಮೊದಲೇ ಒಮ್ಮೆ ಬಿಸಿಮಾಡಿಟ್ಟಿದ್ದರೆ ಕಾರಿನ ಯಥಾರ್ಥಸ್ಥಿತಿ ತಿಳಿಯದು. ಅರ್ಧ ಸೆಲ್ಫಿಗೇ ಎದ್ದಿತೋ, ಎಳೆದೆಳೆದು ಎದ್ದಿತೋ ಎಂಬುದು ಮೊದಲ ಪರೀಕ್ಷೆ. ಎದ್ದ ಮೇಲೆ ಎಂಜಿನ್ ಆಯಿಲ್ ಸುರಿಯುವ ಮುಚ್ಚಳವನ್ನು ತೆಗೆದು ಅಂಗೈಯನ್ನು ಅದರ ಮೇಲೆ ಅಡ್ಡ ಹಿಡಿಯುವರು; ಬಿಸಿಯುಸಿರು ಬುಸುಬುಸು ಎಂದು ಕೈಗೆ ಹೊಡೆದರೆ ಬ್ಯಾಕ್ ಕಂಪ್ರೆಷನ್ ಇದೆಯೆಂದು ತಲೆಯಾಡಿಸುವರು. ರಿಂಗುಗಳು ಸವೆದು, ಮೇಲಿನ ಒತ್ತಡ ಪಿಸ್ಟನ್ನಿನ ಪಕ್ಕದಿಂದ ಕೆಳಕ್ಕೆ ಸೋರುತ್ತಿದೆಯೆಂಬುದು ಅದರ ತಾತ್ಪರ್ಯ. ಬೆಲೆಯಲ್ಲಿ ಅಲ್ಲಿಯೇ ಐದಾರು ಸಾವಿರ ಇಳಿಯುತ್ತಿದ್ದಿತು. ಹೊಗೆಯ ಬಣ್ಣವನ್ನೂ ಓದುತ್ತಿದ್ದರು: ಕರಿಯದಾದರೆ ಎಣ್ಣೆ ಹೆಚ್ಚು, ಗಾಳಿ ಕಡಿಮೆ, ಇಲ್ಲವೆ ಎಣ್ಣೆ ಸಿಂಪಡಿಸುವ ನೋಝಲ್ ಕೆಟ್ಟಿದೆ, ನೀಲಿಯದಾದರೆ ಎಂಜಿನ್ ಆಯಿಲೇ ಉರಿಯುತ್ತಿದೆ, ಬೋರ್ ಮಾಡಿಸಬೇಕು, ಹಣ ಎಣಿಸಿಟ್ಟುಕೊ, ಬಿಸಿಯಾದ ಮೇಲೂ ಬಿಳಿಯ ಹೊಗೆ ನಿಲ್ಲದಿದ್ದರೆ ಟೈಮಿಂಗ್ ತಪ್ಪಿರಬೇಕು, ಅಥವಾ ಹೆಡ್ ಗ್ಯಾಸ್ಕೆಟ್ಟಿನಿಂದ ನೀರು ಇಳಿಯುತ್ತಿರಬೇಕು.

ಮನೆಗೆ ಬಂದ ಮೇಲೆ ಗೃಹಸ್ಥನು ಕಲಿಯಬೇಕಾದ ಮೊದಲ ಪಾಠ ಏರ್ ತೆಗೆಯುವುದು. ಡೀಸೆಲ್ ಕಾರಿನ ಟ್ಯಾಂಕನ್ನು ಪೂರ್ತಿ ಬರಿದಾಗಗೊಡಬಾರದು. ಒಮ್ಮೆ ಬರಿದಾದರೆ ಕೊಳವೆಗಳಲ್ಲಿ ಗಾಳಿ ಸೇರಿಕೊಂಡು, ಆಮೇಲೆ ಟ್ಯಾಂಕಿನ ತುಂಬ ಎಣ್ಣೆ ಹಾಕಿದರೂ ಎಂಜಿನ್ ಏಳದು. ಎಣ್ಣೆಯನ್ನು ಒತ್ತಬಹುದು, ಅದು ಜಗ್ಗುವುದಿಲ್ಲ. ಗಾಳಿ ಒತ್ತಿದಷ್ಟೂ ಕುಗ್ಗುವುದರಿಂದ ಪಂಪಿನ ಹೊಡೆತವೆಲ್ಲ ಆ ಗುಳ್ಳೆಯಲ್ಲಿಯೇ ಅಡಗಿಹೋಗುತ್ತದೆ. ಆಗ ಬಾನೆಟ್ಟನ್ನು ಎತ್ತಿ, ಫಿಲ್ಟರಿನ ತಲೆಯ ಮೇಲಿರುವ ತಿರುಪನ್ನು ಎರಡು ಸುತ್ತು ಸಡಿಲಿಸಿ, ಫೀಡ್ ಪಂಪಿನ ಪುಟ್ಟ ಹಿಡಿಕೆಯನ್ನು ಹೆಬ್ಬೆರಳಿನಿಂದ ಒತ್ತುತ್ತ ಹೋದರೆ, ಮೊದಲು ಬರಿಯ ನಿಟ್ಟುಸಿರು, ಬಳಿಕ ಸೋಪಿನಂಥ ನೊರೆ, ಬಳಿಕ ಗುಳ್ಳೆಗಳೊಡನೆ ಎಣ್ಣೆ, ಕೊನೆಗೆ ಗುಳ್ಳೆಯಿಲ್ಲದ ಶುದ್ಧವಾದ ಧಾರೆ; ಆ ಕ್ಷಣದಲ್ಲಿಯೇ, ಹಿಡಿಕೆಯನ್ನು ಬಿಡದೆ, ತಿರುಪನ್ನು ಬಿಗಿಯಬೇಕು. ಅಷ್ಟಕ್ಕೂ ಏಳದಿದ್ದರೆ ನೋಝಲ್ಲುಗಳ ಪೈಪಿನ ನಟ್ಟುಗಳನ್ನು ಹದಿನೇಳರ ಸ್ಪ್ಯಾನರಿನಿಂದ ಒಂದೊಂದಾಗಿ ಸಡಿಲಿಸಿ, ಒಳಗೆ ಕುಳಿತವರು ಸೆಲ್ಫ್ ಹೊಡೆಯುತ್ತಿರಲು, ಎಣ್ಣೆ ಚಿಮ್ಮಿದ ಕೂಡಲೆ ಬಿಗಿದುಬಿಡಬೇಕು. ಎರಡನೆಯದನ್ನೋ ಮೂರನೆಯದನ್ನೋ ಬಿಗಿಯುವಷ್ಟರಲ್ಲಿ ಎಂಜಿನ್ ಕುಂಟುತ್ತ ಏಳುತ್ತದೆ. ಮಳೆಗಾಲದ ರಾತ್ರಿ, ಬಾಯಲ್ಲಿ ಟಾರ್ಚು ಕಚ್ಚಿಕೊಂಡು ಇದನ್ನು ಮಾಡಿದ ಎಷ್ಟೋ ಮಂದಿ ವಕೀಲರೂ ಅರ್ಚಕರೂ ನಮ್ಮ ಕಡೆ ಇದ್ದರು. ಪಂಚೆಗೆ ಅಂಟಿದ ಡೀಸೆಲ್ಲಿನ ವಾಸನೆ ಮೂರು ಒಗೆತಕ್ಕೂ ಹೋಗುತ್ತಿರಲಿಲ್ಲವೆಂಬುದು ಮನೆಯಾಕೆಯರ ಸಾಕ್ಷ್ಯ.

ಇನ್ನು ಪಂಪ್ ರೂಮಿನ ವಿಚಾರ. ಗ್ಯಾರೇಜೆಂದರೆ ನೆಲದ ಮೇಲೆ ಗ್ರೀಸು, ಗೋಡೆಯ ಮೇಲೆ ಮಸಿ ಎಂದು ಕಲ್ಪಿಸಿಕೊಂಡವರಿಗೆ ಅಲ್ಲಿ ಆಶ್ಚರ್ಯ ಕಾದಿರುತ್ತಿದ್ದಿತು. ಹಾಸನದಲ್ಲಿ ನಾನು ಕಂಡ ಅಂಥದೊಂದು ಕೊಠಡಿಯ ಬಾಗಿಲಲ್ಲಿ ‘ಚಪ್ಪಲಿ ಹೊರಗೆ ಬಿಡಿ’ ಎಂದು ಬರೆದಿದ್ದಿತು. ಒಳಗೆ ಕಿಟಕಿಗಳಿಗೆ ಗಾಜು, ನೆಲಕ್ಕೆ ಒದ್ದೆ ಬಟ್ಟೆಯ ಸಾರಣೆ, ಮೇಜಿನ ಮೇಲೆ ತಟ್ಟೆಯಲ್ಲಿ ಡೀಸೆಲ್ಲಿನಲ್ಲಿ ಮುಳುಗಿಸಿಟ್ಟ ಪಂಪಿನ ಭಾಗಗಳು. ಮೈಕ್ರಾನುಗಳ ಸಂದಿನಲ್ಲಿ ಓಡುವ ಕಡ್ಡಿಗೆ ಒಂದು ಕಣ ಧೂಳೂ ಮೃತ್ಯುವೆಂಬುದನ್ನು ತಿಳಿದ, ಆ ಕೊಠಡಿಯನ್ನು ನಡೆಸುತ್ತಿದ್ದ ಹಿರಿಯರು, ಭಾಗಗಳನ್ನು ಬಟ್ಟೆಯಿಂದ ಒರಸುವುದನ್ನು ಕೂಡ ನಿಷೇಧಿಸಿದ್ದರು. ಬಟ್ಟೆಯ ಎಳೆ ಉಳಿದುಕೊಳ್ಳುವುದಂತೆ. ನೋಝಲನ್ನು ಅವರು ಪರೀಕ್ಷಿಸುತ್ತಿದ್ದ ಬಗೆ ನೋಡತಕ್ಕದ್ದು. ಕೈಪಂಪಿನ ಯಂತ್ರದ ಬಾಯಿಗೆ ಅದನ್ನು ಸಿಕ್ಕಿಸಿ, ಗಡಿಯಾರದಂಥ ಮುಖದ ಮೇಲೆ ಮುಳ್ಳು ನೂರನ್ನು ದಾಟುವ ತನಕ ಹಿಡಿಕೆಯನ್ನು ಮೆಲ್ಲನೆ ಒತ್ತುವರು. ಒಮ್ಮೆಗೇ ಕಿರ್ರನೆ ಸದ್ದುಮಾಡಿ ಎಣ್ಣೆ ಮಂಜಿನ ರೂಪದಲ್ಲಿ ಹೊರಬಿದ್ದು, ತುದಿ ಒಣಗಿಯೇ ಉಳಿದರೆ ನೋಝಲ್ ಸರಿ. ಗೆರೆಯಾಗಿ ಬಿದ್ದರೆ, ಇಲ್ಲವೆ ತುದಿಯಲ್ಲಿ ಹನಿಯೊಂದು ತೂಗಿದರೆ ಕೆಟ್ಟಿತು. ‘ನೋಡಿ ಸ್ವಾಮಿ, ನೋಝಲ್ಲು ಸೀನಬೇಕು, ಜೊಲ್ಲು ಸುರಿಸಬಾರದು’ ಎಂದು ಅವರು ವಿವರಿಸುತ್ತಿದ್ದರು. ಯಂತ್ರಶಾಸ್ತ್ರದ ಪಠ್ಯಪುಸ್ತಕದಲ್ಲಿ ಇದಕ್ಕಿಂತ ಸ್ಪಷ್ಟವಾದ ವ್ಯಾಖ್ಯಾನವನ್ನು ನಾನು ಓದಿಲ್ಲ.

ಪಂಪನ್ನು ಪರೀಕ್ಷಿಸುವ ಯಂತ್ರ ಬೇರೆ. ವಿದ್ಯುತ್ ಮೋಟಾರಿನಿಂದ ಪಂಪನ್ನು ತಿರುಗಿಸಿ, ಒಂದೊಂದು ಪೈಪಿನಿಂದ ಬೀಳುವ ಎಣ್ಣೆಯನ್ನು ಸಾಲಾಗಿ ನಿಲ್ಲಿಸಿದ ಗಾಜಿನ ಕೊಳವೆಗಳಲ್ಲಿ ಹಿಡಿದು, ಕಂಪನಿಯ ಪಟ್ಟಿಯೊಡನೆ ತಾಳೆನೋಡಿ, ಸರಿಯೆನಿಸಿದ ಮೇಲೆ ತಿರುಪಿಗೆ ತಂತಿ ಸುತ್ತಿ ಸೀಸದ ಮುದ್ರೆ ಒತ್ತುವರು. ಟ್ಯಾಕ್ಸಿಯವರು ಬಂದು, ‘ಅಣ್ಣಾ, ಪಿಕಪ್ ಸಾಲದು, ಡೀಸೆಲ್ ಒಂಚೂರು ಜಾಸ್ತಿ ಬಿಡಿ’ ಎಂದು ಅಂಗಲಾಚುವುದುಂಟು. ಒಪ್ಪಿ ಬಿಟ್ಟರೆ ಕಾರು ನಾಲ್ಕು ದಿನ ಹುರುಪಿನಿಂದ ಓಡಿ ಕರಿಯ ಹೊಗೆಯುಗುಳಿ ಪಿಸ್ಟನ್ನನ್ನು ಸುಟ್ಟುಕೊಳ್ಳುವುದು. ಒಳ್ಳೆಯ ಪಂಪಿನವನೆಂದರೆ ಇಂಥ ಬೇಡಿಕೆಯನ್ನು ನಿರಾಕರಿಸಿ ಗಿರಾಕಿಯನ್ನು ಕಳೆದುಕೊಳ್ಳಬಲ್ಲವನು. ಆ ಸೀಸದ ಮುದ್ರೆಯನ್ನು ಕಿತ್ತವರ ಪಂಪನ್ನು ಮತ್ತೆ ಮುಟ್ಟದವರು ಕೆಲವರಿದ್ದರು. ಸಣ್ಣ ಊರಿನಲ್ಲಿ ಅದು ಸಣ್ಣ ಶಿಕ್ಷೆಯೇನಲ್ಲ. ಪಂಪಿಗೆ ಇನ್ನೊಂದು ಶತ್ರು ಸೀಮೆಎಣ್ಣೆ. ಪಡಿತರಕ್ಕೆಂದು ನೀಲಿ ಬಣ್ಣ ಹಾಕಿ ಕೊಡುತ್ತಿದ್ದ ಅಗ್ಗದ ಸೀಮೆಎಣ್ಣೆಯನ್ನು ಡೀಸೆಲ್ಲಿಗೆ ಬೆರೆಸುವ ಕುಯುಕ್ತಿ ನಾಡಿನಾದ್ಯಂತ ಇದ್ದಿತು. ಡೀಸೆಲ್ಲಿಗೆ ತನ್ನದೇ ಆದ ಜಿಡ್ಡು ಉಂಟು, ಪಂಪಿನ ಒಳಭಾಗಗಳಿಗೆ ಅದೇ ಲೇಪ. ಸೀಮೆಎಣ್ಣೆಯಲ್ಲಿ ಆ ಜಿಡ್ಡಿಲ್ಲದ್ದರಿಂದ ಉಕ್ಕು ಉಕ್ಕನ್ನು ಉಜ್ಜಿ ಸವೆಸುವುದು. ಬಡವನ ಒಲೆಗೆಂದು ಕೊಟ್ಟದ್ದು ರೈತನ ಪಂಪಿಗೆಂದು ಕೊಟ್ಟದ್ದರೊಳಗೆ ಬೆರೆತು, ಕೊನೆಗೆ ಇಬ್ಬರೂ ಅಲ್ಲದ ನಮ್ಮಂಥವರ ಕಾರನ್ನು ಕೆಡಿಸುತ್ತಿದ್ದ ಈ ವಿಪರ್ಯಾಸವನ್ನು ಅರ್ಥಶಾಸ್ತ್ರಜ್ಞರು ಯೋಚಿಸಬೇಕು.

ತೊಂಬತ್ತರ ದಶಕದಲ್ಲಿ ದೇಶದ ವ್ಯಾಪಾರನೀತಿ ಸಡಿಲವಾದ ಮೇಲಿನ ಸಂಗತಿ ಎಲ್ಲರೂ ಬಲ್ಲದ್ದೇ ಆದ್ದರಿಂದ ಬೇಗನೆ ಹೇಳಿ ಮುಗಿಸಬಹುದು. 1994ರಲ್ಲಿ ಟಾಟಾ ಸುಮೊ ಬಂದಿತು, ಅವಿಭಕ್ತ ಕುಟುಂಬಗಳಿಗೆ ಹೇಳಿ ಮಾಡಿಸಿದಂತಿದ್ದಿತು. 1998ರ ಕೊನೆಯಲ್ಲಿ 1405 ಸಿ.ಸಿ.ಯ ಡೀಸೆಲ್ ಎಂಜಿನ್ನಿನೊಡನೆ ಇಂಡಿಕಾ ಬಂದು, ಡೀಸೆಲ್ ಕಾರೆಂದರೆ ದೊಡ್ಡದಾಗಿಯೇ ಇರಬೇಕೆಂಬ ಭಾವನೆಯನ್ನು ಅಳಿಸಿತು. ಕನ್ನಡಿಗರಿಗೆ ವಿಶೇಷವಾದದ್ದು 2000ದಲ್ಲಿ ಬಿಡದಿಯಿಂದ ಹೊರಟ ಟೊಯೋಟಾ ಕ್ವಾಲಿಸ್. ಬೆಳಗಾವಿಯ ಬೈಸಿಕಲ್ ಅಂಗಡಿಯ ಕಿರ್ಲೋಸ್ಕರರ ಹೆಸರೇ ಅದನ್ನು ತಯಾರಿಸಿದ ಕಂಪನಿಯಲ್ಲಿಯೂ ಕೂಡಿಕೊಂಡಿದ್ದಿತು. ನೋಟಕ್ಕೆ ಪೆಟ್ಟಿಗೆಯಂತಿದ್ದ ಆ ವಾಹನದ 2.4 ಲೀಟರಿನ ಎಂಜಿನ್ ಹಳೆಯ ಸಂಪ್ರದಾಯದ್ದೇ. ತಪ್ಪದೆ ಎಂಜಿನ್ ಆಯಿಲನ್ನೂ ಫಿಲ್ಟರನ್ನೂ ಬದಲಿಸುತ್ತಿದ್ದರೆ ಬಿಚ್ಚುವ ಪ್ರಮೇಯವೇ ಬಾರದಷ್ಟು ಗಟ್ಟಿ. 2005ರಲ್ಲಿ, ಬೇಡಿಕೆ ಇನ್ನೂ ಇದ್ದಾಗಲೇ, ಅದನ್ನು ನಿಲ್ಲಿಸಿ ಇನ್ನೋವಾವನ್ನು ತಂದರು. ಇಂದಿಗೂ ಮಲೆನಾಡಿನ ಕೊಟ್ಟಿಗೆಗಳಲ್ಲಿ ಕ್ವಾಲಿಸ್ ಕಾಣಸಿಗುತ್ತದೆ, ಮಾರಲು ಕೇಳಿದರೆ ಮನೆಯವರು ಮುಖ ಗಂಟಿಕ್ಕುತ್ತಾರೆ.

ಪಂಪ್ ರೂಮಿನವರ ಕಾಲ ಕಳೆಯುತ್ತ ಬಂದದ್ದು ಕಾಮನ್ ರೈಲ್ ಎಂಬ ಹೊಸ ವ್ಯವಸ್ಥೆಯಿಂದ. ಬಾಷ್ ಕಂಪನಿ 1997ರಲ್ಲಿ ಯುರೋಪಿನ ಕಾರುಗಳಿಗೆ ಒದಗಿಸತೊಡಗಿದ ಈ ವಿಧಾನ, ಒಂದು ದಶಕದೊಳಗೆ ನಮ್ಮ ಸ್ವಿಫ್ಟ್ ಮೊದಲಾದ ಸಣ್ಣ ಕಾರುಗಳಿಗೂ ಬಂದಿತು. ಇದರಲ್ಲಿ ಎಣ್ಣೆಯ ಒತ್ತಡ ವಾತಾವರಣದ ಸಾವಿರ ಪಟ್ಟಿಗೂ ಮಿಕ್ಕದ್ದು. ಯಾವ ಸಿಲಿಂಡರಿಗೆ ಯಾವಾಗ ಎಷ್ಟು ಎಂಬುದನ್ನು ತೀರ್ಮಾನಿಸುವುದು ಕಂಪ್ಯೂಟರು. ಸದ್ದು ಅಡಗಿತು, ಹೊಗೆ ಕಡಿಮೆಯಾಯಿತು, ಕಾರು ಚಿಗರೆಯಂತೆ ಓಡಿತು. ಕೈಪಂಪಿನ ಯಂತ್ರದ ಮುಂದೆ ಕುಳಿತ ಹಿರಿಯರಿಗೆ ಮಾತ್ರ ಅಲ್ಲಿ ಮಾಡತಕ್ಕದ್ದೇನೂ ಉಳಿಯಲಿಲ್ಲ. ಕೆಟ್ಟ ನೋಝಲನ್ನು ಸೀನಿಸುವ ವಿದ್ಯೆಯ ಸ್ಥಾನದಲ್ಲಿ, ಅದನ್ನು ಬಿಸಾಡಿ ಹೊಸದನ್ನು ತರಿಸುವ ಬಿಲ್ಲು ಬಂದಿತು.

ಬೆಲೆಯ ಕಂದರವಾದರೂ ಮುಚ್ಚದೆ ಇದ್ದಿದ್ದರೆ ಡೀಸೆಲ್ ಕಾರು ಹೊಸ ರೂಪದಲ್ಲಿಯೇ ಬಹುಕಾಲ ಮೆರೆಯುತ್ತಿದ್ದಿತೋ ಏನೋ. 2012ರ ಮೇ ತಿಂಗಳಿನಲ್ಲಿ ದಿಲ್ಲಿಯಲ್ಲಿ ಪೆಟ್ರೋಲು ಲೀಟರಿಗೆ 73 ರೂಪಾಯಿ ದಾಟಿದ್ದಾಗ ಡೀಸೆಲ್ಲು 41 ರೂಪಾಯಿಯ ಒಳಗಿದ್ದಿತು. ಅಂದಿನ ದಿನಗಳಲ್ಲಿ ಷೋರೂಮುಗಳಲ್ಲಿ ಡೀಸೆಲ್ ಕಾರಿಗೆ ತಿಂಗಳುಗಟ್ಟಲೆ ಕಾಯಬೇಕಾಗುತ್ತಿದ್ದಿತು. ರೈತನಿಗೆಂದು ಬೊಕ್ಕಸ ಹೊರುತ್ತಿದ್ದ ಭಾರದಲ್ಲಿ ಸಿರಿವಂತರ ದೊಡ್ಡ ಕಾರುಗಳೂ ಪಾಲು ತೆಗೆದುಕೊಳ್ಳುತ್ತಿರುವುದನ್ನು ಗಮನಿಸಿದ, ತೈಲದ ಬೆಲೆಯ ನೀತಿಗಾಗಿ ಸರ್ಕಾರ ನೇಮಿಸಿದ್ದ ಕಿರೀಟ್ ಪಾರಿಖ್ ಸಮಿತಿ 2010ರಲ್ಲಿಯೇ ಡೀಸೆಲ್ ಕಾರೊಂದಕ್ಕೆ 80,000 ರೂಪಾಯಿಯ ಹೆಚ್ಚುವರಿ ಸುಂಕ ಹಾಕಬೇಕೆಂದು ಸೂಚಿಸಿದ್ದಿತು. ಆ ಸೂಚನೆ ಕಾಗದದಲ್ಲಿಯೇ ಉಳಿಯಿತು; ಬದಲಾಗಿ 2013ರ ಜನವರಿಯಿಂದ ಡೀಸೆಲ್ಲಿನ ಬೆಲೆಯನ್ನು ತಿಂಗಳಿಗೆ ಐವತ್ತು ಪೈಸೆಯಂತೆ ಸದ್ದಿಲ್ಲದೆ ಏರಿಸುತ್ತ ಹೋಗಿ, 2014ರ ಅಕ್ಟೋಬರಿನಲ್ಲಿ ನಿಯಂತ್ರಣವನ್ನೇ ತೆಗೆದುಹಾಕಿದರು. ಅದೇ ವರ್ಷದ ಮೇ ತಿಂಗಳಿನಲ್ಲಿ ಉತ್ತರಪಾರಾದ ಕಾರ್ಖಾನೆ ಅಂಬಾಸಿಡರಿನ ತಯಾರಿಕೆಯನ್ನು ನಿಲ್ಲಿಸಿದ್ದಿತು. ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿ 2012ರಲ್ಲಿಯೇ ಘೋಷಿಸಿದ್ದಿತು. 2015ರಲ್ಲಿ ಹಸಿರು ನ್ಯಾಯಮಂಡಲಿ ದಿಲ್ಲಿಯ ವಲಯದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳು ಓಡಕೂಡದೆಂದಿತು. 2020ರ ಏಪ್ರಿಲ್ ಒಂದರಿಂದ ಬಿಎಸ್ 6 ಎಂಬ ಹೊಗೆ ನಿಯಂತ್ರಣದ ಮಾನದಂಡ ಜಾರಿಗೆ ಬಂದಾಗ ಮಾರುತಿಯವರು ಡೀಸೆಲ್ ಕಾರನ್ನೇ ಕೈಬಿಟ್ಟರು.

ಇದೆಲ್ಲ ಅನ್ಯಾಯವೆಂದು ನಾನು ಹೇಳಲಾರೆ. ನಮ್ಮ ಕಾರಿನ ಮಿತವ್ಯಯವೆಂದು ನಾವು ಹೆಮ್ಮೆಪಟ್ಟುಕೊಂಡದ್ದರಲ್ಲಿ ದೊಡ್ಡದೊಂದು ಪಾಲು, ನಮಗಾಗಿ ಉದ್ದೇಶಿಸದಿದ್ದ ರಿಯಾಯಿತಿಯ ಫಲ. ಅದರ ಹೊಗೆಯನ್ನು ಕುಡಿದವರು ನಮ್ಮ ಹಿಂದೆ ಸೈಕಲ್ಲು ತುಳಿಯುತ್ತಿದ್ದವರು. ಆದರೆ ಆ ಕಾರನ್ನು ಬಾಳಿಸಿದ ಕೌಶಲಕ್ಕೆ ಈ ದೋಷ ಅಂಟುವುದಿಲ್ಲ. ಒಂದು ವಸ್ತು ಕೆಟ್ಟರೆ ಬಿಚ್ಚಿ ನೋಡಬೇಕು, ಬಿಚ್ಚಿದ್ದನ್ನು ತೊಳೆಯಬೇಕು, ತೊಳೆದದ್ದನ್ನು ಅಳೆಯಬೇಕು ಎಂಬ ಕ್ರಮವನ್ನು ಕಾಲೇಜು ಮೆಟ್ಟಲು ಹತ್ತದ ಸಾವಿರಾರು ಜನ ಈ ನಾಡಿನಲ್ಲಿ ನಿತ್ಯ ಅನುಷ್ಠಾನದಲ್ಲಿ ಇಟ್ಟಿದ್ದರು. ಆ ಕಾಲ ಕಳೆದು, ಆಡುಗೋಡಿಯ ಮೈಕೋ ಕಾರ್ಖಾನೆಯ ಪಂಪಿನ ತಯಾರಿಕೆ ಬಿಡದಿಗೆ ಸಾಗಿ, ಹಳೆಯ ಆವರಣದಲ್ಲಿ 2022ರಲ್ಲಿ ಗಣಕತಂತ್ರದ ಹೊಸ ಕಟ್ಟಡಗಳು ಉದ್ಘಾಟನೆಯಾದವು. ಪಂಪ್ ರೂಮುಗಳಲ್ಲಿ ಟ್ರ್ಯಾಕ್ಟರುಗಳ, ಹಳೆಯ ಲಾರಿಗಳ, ಜನರೇಟರುಗಳ ಕೆಲಸ ಮಾತ್ರ ಅಷ್ಟಿಷ್ಟು ಉಳಿದುಕೊಂಡಿದೆ.

ಈಗಲೂ ಅಂಥ ಕಾರನ್ನು ಇಟ್ಟುಕೊಂಡಿರುವ ಓದುಗರಲ್ಲಿ ನನ್ನದೊಂದು ಅರಿಕೆ. ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲಿನಲ್ಲಿ ಅದರ ಶುಲ್ಕವನ್ನೇ ಐದು ಸಾವಿರ ರೂಪಾಯಿಗೆ ಏರಿಸಿದರು. ಅಷ್ಟು ತೆತ್ತು ಇಟ್ಟುಕೊಳ್ಳುವುದಾದರೆ ಕರಿಯ ಹೊಗೆ ಬಿಡದಂತೆ ಇಟ್ಟುಕೊಳ್ಳಿರಿ. ಮಳೆಗಾಲಕ್ಕೆ ಮುಂಚೆ ಫಿಲ್ಟರಿನ ತಳದಲ್ಲಿ ನಿಂತ ನೀರನ್ನು ತೆಗೆಯಿಸಿರಿ. ಎಮಿಷನ್ ಟೆಸ್ಟಿಗೆ ಹೋಗುವ ಮೊದಲು ನಾಲ್ಕೂ ನೋಝಲ್ಲುಗಳನ್ನು ಬಿಚ್ಚಿಸಿ ಪಂಪ್ ರೂಮಿಗೆ ಕೊಂಡೊಯ್ಯಿರಿ. ಮತ್ತು ಅಲ್ಲಿನ ಹಿರಿಯರು ಹೇಳುವುದನ್ನು, ಅವರು ಇನ್ನೂ ಬಾಗಿಲು ತೆರೆಯುತ್ತಿರುವಾಗಲೇ, ಅವರದೇ ಮಾತುಗಳಲ್ಲಿ ಬರೆದಿಟ್ಟುಕೊಳ್ಳಿರಿ.